ಹುತ್ತರಿಗೆ ಮೊದಲೇ ಅಲಸಂದೆ ಬೀಜದ ಪರೀಕ್ಷೆ ಆಗಲಿ: ಕೊಡಗಿನ ಕೃಷಿ ಮತ್ತು ತೋಟಗಾರಿಕೆ ಇಲಾಖೆಗಳ ಅಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯರೇ,

ವಿರಾಜಪೇಟೆ, ಪೊನ್ನಂಪೇಟೆ ಕಡೆ ಸುಗ್ಗಿಹಬ್ಬ ಹುತ್ತರಿ ಕಳೆದು ಕುಯ್ಲು ಮುಗಿದರೆ ಗದ್ದೆಯಲ್ಲಿ ಉಳಿದ ತೇವ ನಂಬಿ ಅಲಸಂದೆ ಹಾಕುತ್ತಾರೆ. ಕುಶಾಲನಗರ, ಸೋಮವಾರಪೇಟೆಯ ಪೂರ್ವದ ಹೊಲಗಳಲ್ಲಿ ಏಪ್ರಿಲ್-ಮೇ ಮಳೆ ಬಿದ್ದ ಮೇಲೆ ಬಿತ್ತನೆ. ಎರಡೂ ಕಡೆ ಗಿಡ ಎಲೆ ಸುಕ್ಕುಗಟ್ಟಿ, ಹಳದಿ ತಿರುಗಿ, ಕಾಯಿ ಕಟ್ಟದೆ ನಿಂತಾಗ ಬೆಳೆಗಾರ ಹೋಗುವುದು ಮದ್ದಿನ ಅಂಗಡಿಗೆ. ಅಷ್ಟರಲ್ಲಿ ಮಾಡಬೇಕಾದ ಕೆಲಸದ ಕಾಲ ಮೀರಿರುತ್ತದೆ. ಆ ಕೆಲಸ ಬಿತ್ತನೆಗೆ ಮೂರು ನಾಲ್ಕು ವಾರ ಮೊದಲೇ ಆಗಬೇಕಿತ್ತು, ಅದೂ ಬೀಜ ಹಂಚುವವರ ಕೈಯಲ್ಲಿ. ಆದ್ದರಿಂದ ಈ ಪತ್ರ ನಿಮಗೆ.

ನಮ್ಮ ಮುಖ್ಯ ಕೋರಿಕೆ ಒಂದೇ. ರೈತ ಸಂಪರ್ಕ ಕೇಂದ್ರಗಳ ಮೂಲಕವಾಗಲಿ, ಪ್ರಾತ್ಯಕ್ಷಿಕೆಗಾಗಲಿ, ಕಿಟ್‌ಗಳಲ್ಲಾಗಲಿ ಕೊಡುವ ಅಲಸಂದೆ ಬೀಜದ ಪ್ರತಿ ಲಾಟನ್ನೂ (ಒಟ್ಟಿಗೆ ಬಂದ ಒಂದು ರಾಶಿ) ಕೀಟ ನುಗ್ಗದ ಬಲೆಯೊಳಗೆ ಬಿತ್ತಿ, ಮೊಸಾಯಿಕ್ ನಂಜು ಇದೆಯೇ ಎಂದು ನೋಡಿ, ಫಲಿತಾಂಶವನ್ನು ಚೀಲದ ಜೊತೆಗೇ ತಿಳಿಸಿ. ಏಕೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗುತ್ತದೆ, ಏಕೆಂದರೆ ಗೊಂದಲ ಇರುವುದು ವಿವರದಲ್ಲೇ.

ಅಲಸಂದೆಯ "ನಂಜುರೋಗ" ಎಂದು ಒಟ್ಟಾಗಿ ಕರೆಯುವುದರಲ್ಲಿ ಕನಿಷ್ಠ ಎರಡು ಬೇರೆ ರೋಗಗಳಿವೆ. ಮೊದಲನೆಯದು ಮೊಸಾಯಿಕ್. ಎಲೆಯ ನರಗಳ ಉದ್ದಕ್ಕೂ ದಟ್ಟ ಹಸಿರು ಪಟ್ಟಿ ಉಳಿದು ನಡುವಿನ ಭಾಗ ತಿಳಿಹಸಿರಾಗುತ್ತದೆ. ಎಲೆಯ ಮೈ ಗುಳ್ಳೆ ಎದ್ದಂತೆ ಉಬ್ಬುತ್ತದೆ, ಅಂಚು ಕೆಳಗೆ ಮಡಚಿಕೊಳ್ಳುತ್ತದೆ, ಗಿಡ ಕುಳ್ಳಾಗುತ್ತದೆ. ಇದಕ್ಕೆ ಕಾರಣ ಮುಖ್ಯವಾಗಿ ಪೋಟಿವೈರಸ್ ಗುಂಪಿನವು: ಬೀನ್ ಕಾಮನ್ ಮೊಸಾಯಿಕ್ ವೈರಸ್‌ನ ಅಲಸಂದೆ ತಳಿ ಮತ್ತು ಕೌಪೀ ಏಫಿಡ್-ಬೋರ್ನ್ ಮೊಸಾಯಿಕ್ ವೈರಸ್. ಕುಕುಂಬರ್ ಮೊಸಾಯಿಕ್ ವೈರಸ್ ಕೂಡ ಬರುತ್ತದೆ. ಅದು ಒಂದೇ ಬಂದರೆ ಲಕ್ಷಣ ಸೌಮ್ಯ, ಪೋಟಿವೈರಸ್ ಜೊತೆ ಸೇರಿದರೆ ಗಿಡ ಮುದುಡಿ ಏಳುವುದೇ ಇಲ್ಲ. ಇವೆಲ್ಲ ಸಸ್ಯಹೇನಿನಿಂದ ಹರಡುತ್ತವೆ, ಬೀಜದಲ್ಲೂ ಬರುತ್ತವೆ.

ಎರಡನೆಯದು ಹಳದಿ ನಂಜು. ಹೆಸರು, ಉದ್ದಿನಲ್ಲಿ ಎಲ್ಲರೂ ಕಂಡಿರುವ ಹಳದಿ ಮೊಸಾಯಿಕ್ ಗುಂಪಿನದೇ ವೈರಸ್. ಎಳೆಯ ಎಲೆಯಲ್ಲಿ ಚಿನ್ನದ ಬಣ್ಣದ ಚುಕ್ಕೆಗಳಾಗಿ ಶುರುವಾಗಿ, ಒಂದಕ್ಕೊಂದು ಕೂಡಿ ಇಡೀ ಎಲೆ ಹಳದಿಯಾಗುತ್ತದೆ. ಎಲೆ ಅಷ್ಟಾಗಿ ಸೊಟ್ಟಗಾಗುವುದಿಲ್ಲ. ಕಾಯಿ ಬಂದರೂ ಗಿಡ್ಡ, ಹಳದಿ, ಒಳಗೆ ಕಾಳು ಜೊಳ್ಳು. ಇದನ್ನು ಹರಡುವುದು ಬಿಳಿನೊಣ. ಇದರಲ್ಲಿ ಬೀಜದ ಪಾತ್ರ ಲೆಕ್ಕಕ್ಕಿಲ್ಲ.

ಹರಡುವ ರೀತಿಯಲ್ಲೇ ಎಲ್ಲ ವ್ಯತ್ಯಾಸ ಇದೆ. ರೋಗದ ಗಿಡದ ಮೇಲೆ ಕೂತ ಸಸ್ಯಹೇನು ಎಲೆಗೆ ಒಮ್ಮೆ ಸೂಜಿಮೂತಿ ಚುಚ್ಚಿ ರುಚಿ ನೋಡುವ ಕೆಲವು ಸೆಕೆಂಡುಗಳಲ್ಲೇ ಮೊಸಾಯಿಕ್ ವೈರಸ್ ಅದರ ಮೂತಿಗೆ ಅಂಟುತ್ತದೆ. ಪಕ್ಕದ ಗಿಡಕ್ಕೆ ಹಾರಿ ಮತ್ತೊಮ್ಮೆ ಚುಚ್ಚುವ ಅಷ್ಟೇ ಹೊತ್ತಿನಲ್ಲಿ ಅದಕ್ಕೆ ದಾಟಿಸುತ್ತದೆ. ನಾಲ್ಕಾರು ಸಲ ಚುಚ್ಚಿದ ಮೇಲೆ ಮೂತಿಯಲ್ಲಿ ವೈರಸ್ ಉಳಿಯುವುದಿಲ್ಲ. ಕೀಟನಾಶಕ ತಗುಲಿ ಹೇನು ಸಾಯಲು ಬೇಕಾದ ಸಮಯ ಇದಕ್ಕಿಂತ ಎಷ್ಟೋ ಹೆಚ್ಚು. ಅಷ್ಟೇ ಅಲ್ಲ, ಮದ್ದು ತಾಗಿ ಕಸಿವಿಸಿಗೊಂಡ ರೆಕ್ಕೆಹೇನು ಒಂದೆಡೆ ಕೂರದೆ ಗಿಡದಿಂದ ಗಿಡಕ್ಕೆ ಹಾರಿ ಹೆಚ್ಚು ಕಡೆ ಚುಚ್ಚುವುದೂ ಉಂಟು. ಅಲಸಂದೆಯ ಕುಡಿಯಲ್ಲಿ ಕಪ್ಪಗೆ ಗುಂಪುಗಟ್ಟಿ, ಇರುವೆ ಕಾವಲಿರುವ ಹೇನುಗಳಷ್ಟೇ ರೋಗ ಹರಡುತ್ತವೆ ಎಂದುಕೊಳ್ಳುವುದೂ ಸರಿಯಲ್ಲ. ಅಲಸಂದೆಯಲ್ಲಿ ನೆಲೆಸದ, ಬೇರೆ ಗಿಡ ಹುಡುಕುತ್ತಾ ದಾರಿಯಲ್ಲಿ ಇಳಿದು ಚುಚ್ಚಿ ಹೋಗುವ ರೆಕ್ಕೆಹೇನುಗಳೂ ಅಷ್ಟೇ ಹರಡುತ್ತವೆ. ಅವು ನಿಮ್ಮ ಮದ್ದಿನ ಗಿಡದ ಮೇಲೆ ಸಾಯಲು ಕಾಯುವುದಿಲ್ಲ.

ಬಿಳಿನೊಣದ ಲೆಕ್ಕ ಬೇರೆ. ಅದು ರೋಗದ ಗಿಡದಲ್ಲಿ ಹತ್ತಾರು ನಿಮಿಷ ರಸ ಹೀರಬೇಕು, ವೈರಸ್ ಅದರ ದೇಹದೊಳಗೆ ಸುತ್ತಿ ಎಂಜಲಿಗೆ ಬರಲು ಗಂಟೆಗಳು ಬೇಕು, ಬಂದ ಮೇಲೆ ದಿನಗಟ್ಟಲೆ ರೋಗ ಹಂಚುತ್ತದೆ. ಇಲ್ಲಿ ಬೀಜೋಪಚಾರಕ್ಕೂ ಎಳೆಗಿಡದಲ್ಲಿ ಬಿಳಿನೊಣ ತಗ್ಗಿಸುವುದಕ್ಕೂ ಅರ್ಥವಿದೆ.

ಹಾಗಾಗಿ "ನಂಜು ಬಂದಿದೆ, ಇಮಿಡಾಕ್ಲೋಪ್ರಿಡ್ ಹೊಡೆಯಿರಿ" ಎಂಬ ಒಂದೇ ಸಲಹೆ ಎರಡು ರೋಗಕ್ಕೂ ಹೋಗಬಾರದು. ಮೊಸಾಯಿಕ್‌ಗೆ ಆ ಕೀಟನಾಶಕ ದಂಡದ ಖರ್ಚು.

ಕೊಡಗಿನವರಿಗೆ ಈ ಪಾಠ ಹೊಸದಲ್ಲ. ಏಲಕ್ಕಿಯ ಕಟ್ಟೆ ರೋಗದ ವೈರಸ್ಸೂ ಪೋಟಿವೈರಸ್‌ಗಳ ಕುಟುಂಬದ್ದೇ, ಹೇನಿನಿಂದಲೇ ಹರಡುವುದು. ಕಟ್ಟೆಗೆ ಮದ್ದು ಹೊಡೆದು ತೋಟ ಉಳಿಸಿದವರಿಲ್ಲ. ರೋಗದ ಬುಡ ಕಂಡ ಕೂಡಲೇ ಅಗೆದು ತೆಗೆದು, ರೋಗವಿಲ್ಲದ ಸಸಿ ನೆಟ್ಟು ಉಳಿಸಿಕೊಂಡರು. ಅಪ್ಪಂಗಳದ ಸಾಂಬಾರ ಬೆಳೆಗಳ ಸಂಶೋಧನಾ ಕೇಂದ್ರದಿಂದ ಕಟ್ಟೆ ತಡೆಯುವ "ವಿಜೇತ" ಎಂಬ ತಳಿ ಬಂತು. ಶುದ್ಧ ನಾಟಿ ಸಾಮಗ್ರಿ, ರೋಗದ ಗಿಡ ಕೀಳುವುದು, ತಡೆಯುವ ತಳಿ ಎಂಬ ಈ ಮೂರನ್ನು ಏಲಕ್ಕಿಗೆ ಒಪ್ಪಿಕೊಂಡ ಜಿಲ್ಲೆ ಅಲಸಂದೆಗೂ ಒಪ್ಪಿಕೊಳ್ಳಬಹುದು. ಅಲಸಂದೆಯಲ್ಲಿ ನಾಟಿ ಸಾಮಗ್ರಿ ಎಂದರೆ ಬೀಜ.

ಬೀಜದ ಲೆಕ್ಕ ನೋಡಿ. ಪೊದೆ ಜಾತಿಯ ಅಲಸಂದೆಯನ್ನು ಸಾಲಿಗೆ 45 ಸೆಂ.ಮೀ., ಗಿಡಕ್ಕೆ 15 ಸೆಂ.ಮೀ. ಅಂತರದಲ್ಲಿ ಹಾಕಿದರೆ ಎಕರೆಗೆ ಸುಮಾರು 60,000 ಗಿಡ. ಮೊಸಾಯಿಕ್ ವೈರಸ್ ಬೀಜದ ಮೂಲಕ ದಾಟುವ ಪ್ರಮಾಣ ತಳಿ ಮತ್ತು ವೈರಸ್‌ಗೆ ತಕ್ಕಂತೆ ತೀರಾ ಕಡಿಮೆಯಿಂದ ಹಿಡಿದು ಶೇ. 30ರ ಆಸುಪಾಸಿನವರೆಗೂ ಹೋಗುತ್ತದೆ. ಬರೀ ಶೇ. 2 ಎಂದೇ ಹಿಡಿಯಿರಿ. ಮೊದಲ ದಿನದಿಂದಲೇ 1,200 ರೋಗದ ಸಸಿಗಳು ಹೊಲದ ತುಂಬ ಚದುರಿ ನಿಂತಿವೆ. ಸರಾಸರಿ ಐವತ್ತು ಗಿಡಕ್ಕೊಂದು. ಹಾರಿ ಬಂದ ಹೇನಿಗೆ ರೋಗದ ಮೂಲ ಹುಡುಕುವ ಕಷ್ಟವೇ ಇಲ್ಲ. ಹೂ ಬಿಡುವ ಹೊತ್ತಿಗೆ ಹೊಲದ ಬಹುಪಾಲು ಮೊಸಾಯಿಕ್ ಆಗುವುದು ಹೀಗೆ. ಇದೇ ಹೊಲದಲ್ಲಿ ಶುದ್ಧ ಬೀಜ ಹಾಕಿದ್ದರೆ ವೈರಸ್ ಹೊರಗಿಂದಲೇ ಬರಬೇಕು, ಅಂಚಿನಿಂದ ಒಳಗೆ ಸಾಗಬೇಕು. ಅಷ್ಟರಲ್ಲಿ ಗಿಡಕ್ಕೆ ಮೂರು ನಾಲ್ಕು ವಾರ ಸಿಗುತ್ತದೆ.

ಆ ಮೂರು ನಾಲ್ಕು ವಾರವೇ ಇಳುವರಿ. ಮೊಳೆತ ಮೂರು ವಾರದೊಳಗೆ ರೋಗ ತಗುಲಿದ ಗಿಡ ಕುಳ್ಳಾಗಿ, ಹೂ ತಡವಾಗಿ, ಕಾಯಿಯ ಸಂಖ್ಯೆ ಬಹಳ ಇಳಿಯುತ್ತದೆ. ಕಾಯಿ ಕಟ್ಟಿದ ಮೇಲೆ ತಗುಲಿದರೆ ನಷ್ಟ ಸಾಮಾನ್ಯವಾಗಿ ಅಲ್ಪ. ಹೇನಿನಿಂದ ಹರಡುವ ಮೊಸಾಯಿಕ್‌ನಲ್ಲಿ ಶೇ. 13ರಿಂದ 87ರವರೆಗೆ ಇಳುವರಿ ನಷ್ಟ ದಾಖಲಾಗಿದೆ. ಇಷ್ಟು ಅಗಲದ ಅಂತರಕ್ಕೆ ತಳಿ, ವೈರಸ್ ಕಾರಣವಾದಷ್ಟೇ ತಗುಲಿದ ವಯಸ್ಸೂ ಕಾರಣ. ನಿಮ್ಮ ಕ್ಷೇತ್ರ ಸಿಬ್ಬಂದಿ ನಷ್ಟ ಬರೆಯುವಾಗ "ಶೇ. ಇಷ್ಟು ಗಿಡ ರೋಗಪೀಡಿತ" ಎಂದಷ್ಟೇ ಬರೆದರೆ ಏನೂ ಗೊತ್ತಾಗುವುದಿಲ್ಲ. ಬಿತ್ತಿದ ದಿನ, ಮೊದಲ ಲಕ್ಷಣ ಕಂಡ ದಿನ, ಬೀಜದ ಲಾಟ್ ಸಂಖ್ಯೆ ಎಂಬ ಮೂರು ಕಲಂ ಸೇರಿಸಿ. ಒಂದೇ ಹಂಗಾಮಿನಲ್ಲಿ ಯಾವ ಬೀಜ ರೋಗ ತಂದಿತು ಎಂಬುದು ಕಾಗದದ ಮೇಲೆ ಎದ್ದು ಕಾಣುತ್ತದೆ.

ಗದ್ದೆಗೆ ಇನ್ನೊಂದು ನಷ್ಟವೂ ಇದೆ, ಅದನ್ನು ಯಾರೂ ಬರೆದುಕೊಳ್ಳುವುದಿಲ್ಲ. ರೋಗದ ಗಿಡದ ಬೇರಿನಲ್ಲಿ ಸಾರಜನಕ ಕೂಡಿಡುವ ಗಂಟುಗಳು ಕಡಿಮೆ, ಗಿಡದ ಸೊಪ್ಪೂ ಕಡಿಮೆ. ಅಲಸಂದೆಯಿಂದ ಮುಂದಿನ ಭತ್ತಕ್ಕೆ ಸಿಗಬೇಕಾದ ಸಾರಜನಕ ಆ ಮಟ್ಟಿಗೆ ಕಡಿತ.

ಬೀಜ ಪರೀಕ್ಷೆಗೆ ದೊಡ್ಡ ಪ್ರಯೋಗಾಲಯ ಬೇಡ. ಲಾಟಿನ ಬೇರೆ ಬೇರೆ ಚೀಲಗಳಿಂದ, ಚೀಲದ ಮೇಲೆ, ನಡು, ತಳದಿಂದ ತೆಗೆದು ಬೆರೆಸಿ 400 ಬೀಜ ಎಣಿಸಿ. ಆರಿಸಬೇಡಿ. ಜೊಳ್ಳು, ಸುಕ್ಕು ಬೀಜವನ್ನು ಎಸೆದು ಚೆಂದದ್ದನ್ನು ಮಾತ್ರ ಬಿತ್ತಿದರೆ ಪರೀಕ್ಷೆಯೇ ಸುಳ್ಳಾಗುತ್ತದೆ. ಹಾಗೆಂದು ನುಣುಪಾದ ದುಂಡು ಬೀಜ ಶುದ್ಧ ಎಂದೂ ಅಲ್ಲ, ಕಣ್ಣಿಗೆ ಏನೂ ಕಾಣದ ಬೀಜದಲ್ಲೂ ವೈರಸ್ ಇರುತ್ತದೆ. ಪ್ರೋಟ್ರೇ (ಸಸಿ ಬೆಳೆಸುವ ಗುಳಿಗಳ ತಟ್ಟೆ) ಅಥವಾ ಮರದ ಪೆಟ್ಟಿಗೆಯಲ್ಲಿ ಹೇನು, ಬಿಳಿನೊಣ ನುಗ್ಗದ 50 ಮೆಶ್ (ಇಂಚಿಗೆ 50 ಕಣ್ಣು) ನೈಲಾನ್ ಬಲೆಯೊಳಗೆ ಬಿತ್ತಿ. ಬಲೆಯ ಅಂಚನ್ನು ಮಣ್ಣಿನಲ್ಲಿ ಹೂಳಿ, ಬಾಗಿಲಿಗೆ ಎರಡು ಪದರ ಇರಲಿ. ಬಲೆಯ ಮೇಲೆ ದಟ್ಟ ನೆರಳು ಬೇಡ. ಕಾಫಿ ತೋಟದ ಮರದಡಿ ಇಟ್ಟರೆ ಸಸಿ ತೆಳ್ಳಗೆ ಬೆಳೆದು ಲಕ್ಷಣ ಮಸುಕಾಗುತ್ತದೆ.

ಏಳರಿಂದ ಹತ್ತು ದಿನಕ್ಕೆ ಮೊದಲ ಜೋಡಿ ಎಲೆ ಬಿಚ್ಚಿರುತ್ತದೆ. ಇವು ಮೂರೆಲೆಯಲ್ಲ, ಒಂಟಿ ಎಲೆಗಳು. ಬೆಳಗಿನ ಬಿಸಿಲಿಗೆ ಎಲೆಯ ಬೆನ್ನು ಮಾಡಿ ಕೆಳಗಿನಿಂದ ನೋಡಿ. ಆರೋಗ್ಯದ ಎಲೆಯಲ್ಲಿ ಹಸಿರು ಒಂದೇ ಸಮ. ರೋಗದ ಎಲೆಯಲ್ಲಿ ನರದ ಅಕ್ಕಪಕ್ಕ ಕಡುಹಸಿರು, ನಡುವೆ ಮಾಸಲು, ಎಲೆಯ ಒಂದು ಅರ್ಧ ಇನ್ನೊಂದು ಅರ್ಧಕ್ಕಿಂತ ಚಿಕ್ಕದು. ಎರಡನೇ ವಾರ ಮೊದಲ ಮೂರೆಲೆ ಬಂದಾಗ ಮತ್ತೆ ನೋಡಿ, 21ನೇ ದಿನಕ್ಕೆ ಕೊನೆಯ ಎಣಿಕೆ. ಅನುಮಾನದ ಸಸಿಗಳಿಗೆ ಕೆಂಪು ದಾರ ಕಟ್ಟಿ, ಅವುಗಳ ಎಲೆಯನ್ನಷ್ಟೇ ಪ್ರಯೋಗಾಲಯಕ್ಕೆ ಕಳಿಸಿದರೆ ಸಾಕು.

ಎಷ್ಟಕ್ಕೆ ತಿರಸ್ಕರಿಸಬೇಕು? 400ರಲ್ಲಿ ಒಂದೂ ಇರಬಾರದು ಎಂಬುದು ನಮ್ಮ ಅಭಿಪ್ರಾಯ. ಇದು ಅತಿಯಾಯಿತು ಎನ್ನಬೇಡಿ. 400ರಲ್ಲಿ ಸೊನ್ನೆ ಬಂದರೂ ಲಾಟಿನಲ್ಲಿ ಶೇ. 0.75ರವರೆಗೆ ರೋಗ ಅಡಗಿರಲು ಸಾಧ್ಯ ಎನ್ನುತ್ತದೆ ಅಂಕಿಶಾಸ್ತ್ರ, ಅಂದರೆ ಎಕರೆಗೆ 450 ಗಿಡ. ಅಷ್ಟನ್ನು ಮೊದಲ ಮೂರು ವಾರದಲ್ಲಿ ಒಬ್ಬಾಳು ಕಿತ್ತು ಮುಗಿಸಬಹುದು. ಅದಕ್ಕಿಂತ ಹೆಚ್ಚಾದರೆ ಕೈಮೀರುತ್ತದೆ.

ಟ್ರೈಕೋಡರ್ಮಾ (ರೋಗ ತಡೆಯುವ ಶಿಲೀಂಧ್ರ), ಶಿಲೀಂಧ್ರನಾಶಕ, ಗೋಮೂತ್ರ ಯಾವುದರಲ್ಲಿ ಅದ್ದಿದರೂ ಈ ವೈರಸ್ ಹೋಗುವುದಿಲ್ಲ ಎಂಬುದನ್ನು ದಯವಿಟ್ಟು ತರಬೇತಿಗಳಲ್ಲಿ ಬಿಡಿಸಿ ಹೇಳಿ. ವೈರಸ್ ಇರುವುದು ಸಿಪ್ಪೆಯ ಮೇಲಲ್ಲ, ಒಳಗಿನ ಮೊಳಕೆಯಲ್ಲಿ. ಬೀಜೋಪಚಾರ ಬೇರು ಕೊಳೆಗೆ ಒಳ್ಳೆಯದು, ಆದರೆ ಅದು ಬೇರೆ ವಿಷಯ. 1966ರ ಬೀಜ ಕಾಯ್ದೆಯ ಪ್ರಕಾರ ಪೊಟ್ಟಣದ ಮೇಲೆ ಮೊಳಕೆ ಪ್ರಮಾಣ, ಶುದ್ಧತೆ ಇರುತ್ತದೆ. ಅದರಿಂದ ನಂಜಿನ ಬಗ್ಗೆ ಏನೂ ತಿಳಿಯುವುದಿಲ್ಲ. ಶೇ. 90 ಮೊಳೆಯುವ ಬೀಜ ಶೇ. 5 ಮೊಸಾಯಿಕ್ ತರಬಹುದು. ಆ ಕೊರತೆಯನ್ನು ಕಾನೂನು ಬದಲಾಗುವವರೆಗೆ ಜಿಲ್ಲಾ ಮಟ್ಟದ ಈ ಸಣ್ಣ ಪರೀಕ್ಷೆ ತುಂಬಬಲ್ಲದು.

ಬೀಜ ಕೊಳ್ಳದೆ ತಾವೇ ಇಟ್ಟುಕೊಳ್ಳುವ ಮನೆಗಳು ಜಿಲ್ಲೆಯಲ್ಲಿ ಸಾಕಷ್ಟಿವೆ. ಚಪ್ಪರಕ್ಕೆ ಹಬ್ಬಿಸುವ ಉದ್ದ ಅಲಸಂದೆಯ ಬೀಜವಂತೂ ಮನೆಯಿಂದ ಮನೆಗೆ ಕೈ ಬದಲಾಗುತ್ತಲೇ ಇರುತ್ತದೆ. ಅವರಿಗೆ ಹೇಳಬೇಕಾದ್ದು ಇಷ್ಟು: ಕೊನೆಯಲ್ಲಿ ಉಳಿದ ಬಲಿತ ಕಾಯಿಯನ್ನು ಬೀಜಕ್ಕೆ ಬಿಡುವ ಪದ್ಧತಿ ಕೈಬಿಡಿ. ಅಷ್ಟು ಹೊತ್ತಿಗೆ ಎಲ್ಲ ಗಿಡಕ್ಕೂ ರೋಗ ಹತ್ತಿರುತ್ತದೆ, ಯಾವುದಕ್ಕೆ ಮೊದಲು ಹತ್ತಿತು ಎಂದು ಗೊತ್ತಾಗುವುದಿಲ್ಲ. ಹೂ ಬಿಡುವ ಮೊದಲು ರೋಗ ತಗುಲಿದ ಗಿಡವೇ ಬೀಜಕ್ಕೆ ವೈರಸ್ ದಾಟಿಸುವುದು ಹೆಚ್ಚು. ಆದ್ದರಿಂದ 20ನೇ ದಿನ ಮತ್ತು ಹೂ ಕಾಣುವ ದಿನ, ಎರಡೂ ಸಲ ನೋಡಿ ಸ್ವಚ್ಛವಿರುವ ಗಿಡಗಳಿಗೆ ಬಿಳಿ ದಾರ ಕಟ್ಟಿ, ಆ ಗಿಡಗಳ ಮೊದಲ ಕಾಯಿಗಳನ್ನೇ ಬೀಜಕ್ಕೆ ಮೀಸಲಿಡಬೇಕು.

ಇದಕ್ಕಿಂತ ಒಳ್ಳೆಯದು ಬಲೆಯೊಳಗಿನ ಬೀಜದ ಮಡಿ. ಅಲಸಂದೆ ತನ್ನಲ್ಲೇ ಪರಾಗಸ್ಪರ್ಶ ಮಾಡಿಕೊಳ್ಳುವ ಬೆಳೆ, ಜೇನು ಬರದಿದ್ದರೂ ಕಾಯಿ ಕಟ್ಟುತ್ತದೆ. ಒಂದು ಗುಂಟೆ ಬಲೆಮನೆಯಲ್ಲಿ ಸುಮಾರು 1,500 ಗಿಡ ಹಿಡಿಸುತ್ತದೆ. ಚೆನ್ನಾಗಿ ಬಂದರೆ 10 ಕೆ.ಜಿ.ಯಷ್ಟು ಬೀಜ, ಎಂದರೆ ಒಂದು ಎಕರೆಗೆ ಸಾಲುವಷ್ಟು. ಪ್ರತಿ ಹೋಬಳಿಯಲ್ಲಿ ಇಂಥ ನಾಲ್ಕೈದು ಮಡಿಗಳನ್ನು ಮಹಿಳಾ ಸ್ವಸಹಾಯ ಸಂಘಗಳಿಗೆ ವಹಿಸಿದರೆ ಮುಂದಿನ ವರ್ಷದ ಬೀಜಕ್ಕೆ ಹೊರಗೆ ಹೋಗಬೇಕಿಲ್ಲ. ಹೂ, ತರಕಾರಿಯ ನೆರಳುಮನೆಗೆ ಸಹಾಯಧನ ಕೊಡುವಾಗ ಬೀಜದ ಬಲೆಮನೆಯನ್ನೂ ಅದೇ ಸಾಲಿಗೆ ಸೇರಿಸಬಹುದು.

ಹೊಲದಲ್ಲಿ ಮಾಡಬೇಕಾದ್ದರಲ್ಲಿ ಕೊಡಗಿಗೆ ಹೊಂದುವ ಎರಡನ್ನು ಒತ್ತಿ ಹೇಳುತ್ತೇವೆ. ಒಂದು, ಭತ್ತದ ಹುಲ್ಲು. ಹಾರುವ ಹೇನನ್ನು ಬರಿ ಮಣ್ಣಿನ ಹಿನ್ನೆಲೆಯಲ್ಲಿ ಎದ್ದು ಕಾಣುವ ಎಳೆ ಹಸಿರು ಸೆಳೆಯುತ್ತದೆ. ಕುಯ್ಲಾದ ಗದ್ದೆಯಲ್ಲಿ ಬಿಡಿಬಿಡಿಯಾಗಿ ನಿಂತ ಸಸಿಗಳ ಮೇಲೆ ಇಳಿಯುವಷ್ಟು ಅದು ಬೇರೆಲ್ಲೂ ಇಳಿಯುವುದಿಲ್ಲ. ಸಾಲಿನ ನಡುವೆ ಹುಲ್ಲು ಹೊದಿಸಿದರೆ ಈ ಸೆಳೆತ ತಗ್ಗುತ್ತದೆ, ತೇವವೂ ಉಳಿಯುತ್ತದೆ. ಮೊಳಕೆ ಕಾಣುವ ಮೊದಲೇ ಹೊದಿಸಬೇಕು, ಗಿಡ ಎದೆಯೆತ್ತರ ಬಂದ ಮೇಲೆ ಹೊದಿಸಿ ಫಲವಿಲ್ಲ. ಚಪ್ಪರದ ಅಲಸಂದೆಗೆ ಬೆಳ್ಳಿ ಬಣ್ಣದ ಪ್ಲಾಸ್ಟಿಕ್ ಹೊದಿಕೆ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ, ಖರ್ಚು ಹೆಚ್ಚು.

ಎರಡು, ಜೋಳದ ಬೇಲಿ. ಅಲಸಂದೆಗಿಂತ 15-20 ದಿನ ಮೊದಲು ಸುತ್ತ ಎರಡು ಮೂರು ಸಾಲು ಮುಸುಕಿನ ಜೋಳ ಒತ್ತೊತ್ತಾಗಿ ಹಾಕಿದರೆ, ಹೊರಗಿಂದ ಬಂದ ಹೇನು ಮೊದಲು ಜೋಳಕ್ಕೆ ಚುಚ್ಚಿ ಮೂತಿಯಲ್ಲಿದ್ದ ವೈರಸ್ ಕಳೆದುಕೊಳ್ಳುತ್ತದೆ. ಎರಡನ್ನೂ ಒಂದೇ ದಿನ ಬಿತ್ತಿದರೆ ಉಪಯೋಗ ಅಷ್ಟಕ್ಕಷ್ಟೆ, ಏಕೆಂದರೆ ಕಾಪಾಡಬೇಕಾದ ಮೂರು ವಾರದಲ್ಲಿ ಜೋಳವೂ ಮೊಣಕಾಲುದ್ದ ಇರುತ್ತದೆ. ಬೀಜದಲ್ಲೇ ರೋಗ ಬಂದಿದ್ದರೆ ಈ ಬೇಲಿ ಏನೂ ಮಾಡಲಾರದು.

ರೋಗದ ಗಿಡ ಕೀಳುವುದಕ್ಕೂ ಕ್ರಮವಿದೆ. ಮೊದಲ 30 ದಿನ ವಾರಕ್ಕೆರಡು ಸಲ, ಬೆಳಗ್ಗೆ. ಗಿಡದ ಮೇಲೆ ಪ್ಲಾಸ್ಟಿಕ್ ಚೀಲ ಹೊದಿಸಿ ಬುಡ ಸಮೇತ ಕಿತ್ತು, ಚೀಲದ ಬಾಯಿ ಕಟ್ಟಿ ಹೊರಗೆ ಒಯ್ಯಬೇಕು. ಬರಿಗೈಯಲ್ಲಿ ಅಲ್ಲಾಡಿಸಿ ಕಿತ್ತು ಬದುವಿನ ಮೇಲೆ ಎಸೆದರೆ ಹೇನೆಲ್ಲ ಪಕ್ಕದ ಸಾಲಿಗೆ ಇಳಿಯುತ್ತವೆ. ಹೂ ಬಂದ ಮೇಲೆ ಹೊಲದ ಕಾಲುಭಾಗ ರೋಗವಿದ್ದರೆ ಕೀಳುವುದರಿಂದ ಲಾಭವಿಲ್ಲ. ಇರುವ ಕಾಯಿ ಕೊಯ್ದುಕೊಂಡು, ಆ ಹೊಲದ ಬೀಜವನ್ನು ಮಾತ್ರ ಇಡಬಾರದು.

ಬೇಲಿಯ ಗ್ಲಿರಿಸಿಡಿಯಾ ಚಿಗುರಿನಲ್ಲಿ ಅಲಸಂದೆಯ ಇದೇ ಕಪ್ಪು ಹೇನು ತಿಂಗಳುಗಟ್ಟಲೆ ಬದುಕುತ್ತದೆ. ಬಿತ್ತನೆಗೆ ಎರಡು ವಾರ ಮೊದಲು ಗೊಬ್ಬರಕ್ಕೆ ಅದನ್ನು ಸವರಿದರೆ ಹೇನಿನ ನೆಲೆ ತಪ್ಪುತ್ತದೆ. ಅಲಸಂದೆ ಎಳೆಯದಿದ್ದಾಗ ಸವರಿದರೆ ಹೇನಿನ ದಂಡನ್ನು ನಾವೇ ಹೊಲಕ್ಕೆ ಅಟ್ಟಿದಂತಾಗುತ್ತದೆ. ಇನ್ನು ಕುಕುಂಬರ್ ಮೊಸಾಯಿಕ್ ವೈರಸ್ ಕರಿಮೆಣಸಿನ ಬಳ್ಳಿ ಕುಳ್ಳಾಗುವ ರೋಗಕ್ಕೂ ಕಾರಣವೆಂದು ಕೇಳಿ, ಅಲಸಂದೆಗೆ ಮೆಣಸಿನಿಂದಲೇ ಬಂತೆಂದು ತೀರ್ಮಾನಿಸುವುದು ಬೇಡ. ಆ ವೈರಸ್‌ನ ತಳಿಗಳು ಬೇರೆ ಬೇರೆ, ಎಲ್ಲವೂ ಎಲ್ಲ ಗಿಡದಲ್ಲೂ ಒಂದೇ ರೀತಿ ವರ್ತಿಸುವುದಿಲ್ಲ.

ಹಳದಿ ನಂಜು ಕಾಣುವ ಕಡೆಗಳಲ್ಲಿ ಮಾತ್ರ ಬಿಳಿನೊಣದ ಕ್ರಮ ಕೈಗೊಳ್ಳಲಿ. ಎಕರೆಗೆ 10-12 ಹಳದಿ ಅಂಟುಹಾಳೆಯಿಂದ ನೊಣ ಬಂದದ್ದು ತಿಳಿಯುತ್ತದೆ. ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆಯನ್ನು ಸ್ವಲ್ಪ ಸೋಪಿನೊಂದಿಗೆ ಕದಡಿ, ಎಲೆಯ ಅಡಿಭಾಗ ನೆನೆಯುವಂತೆ ಸಂಜೆ ಸಿಂಪಡಿಸಬೇಕು. ಹತ್ತಿರದ ಹೆಸರು, ಉದ್ದಿನ ಹೊಲದಲ್ಲಿ ಹಳದಿ ಗಿಡ ಕಂಡರೆ ಅದನ್ನೂ ತೆಗೆಯಬೇಕು. ಕೀಟನಾಶಕದಿಂದ ಬೀಜೋಪಚಾರ ಮಾಡುವುದಾದರೆ ಅದು ಮೊದಲು, ನೆರಳಲ್ಲಿ ಒಣಗಿದ ಮೇಲೆ ಬಿತ್ತುವ ಮುಂಚೆ ಬೇರುಗಂಟಿನ ಬ್ಯಾಕ್ಟೀರಿಯಾ ರೈಜೋಬಿಯಂ. ಕ್ರಮ ತಿರುಗಿಸಿದರೆ ರೈಜೋಬಿಯಂ ಸತ್ತುಹೋಗುತ್ತದೆ.

ಇಮಿಡಾಕ್ಲೋಪ್ರಿಡ್‌ನಂಥ ನಿಯೋನಿಕೋಟಿನಾಯ್ಡ್ ಕೀಟನಾಶಕಗಳ ಸಿಂಪಡಣೆಯನ್ನು ಹೂವಿನ ಹಂತದಲ್ಲಿ ಶಿಫಾರಸು ಮಾಡಬೇಡಿ. ಗದ್ದೆಯ ಅಲಸಂದೆ ಹೂ ಬಿಡುವುದೂ ಹೂಮಳೆಗೆ ಕಾಫಿ ಅರಳುವುದೂ ಹೆಚ್ಚುಕಡಿಮೆ ಒಂದೇ ಕಾಲ. ರೊಬಸ್ಟಾ ಕಾಫಿ ತನ್ನ ಪರಾಗದಿಂದಲೇ ಕಾಯಿ ಕಟ್ಟದು, ಅದಕ್ಕೆ ಗಾಳಿಯ ಜೊತೆ ಜೇನೂ ಬೇಕು. ಮೇಲಾಗಿ ಎರಡು ಮೂರು ದಿನಕ್ಕೊಮ್ಮೆ ಕೊಯ್ದು ಸಂತೆಗೆ ಒಯ್ಯುವ ಹಸಿ ಕಾಯಿಯಲ್ಲಿ ಮದ್ದಿನ ಶೇಷ ಆರಲು ಸಮಯವೇ ಇಲ್ಲ.

ಎಲ್ಲ ಸುಕ್ಕೂ ನಂಜಲ್ಲ ಎಂಬುದನ್ನೂ ನಿಮ್ಮ ಸಿಬ್ಬಂದಿಗೆ ಕಲಿಸಬೇಕು. ಪಕ್ಕದ ಗದ್ದೆಗೆ ಹೊಡೆದ 2,4-ಡಿ ಕಳೆನಾಶಕ ಗಾಳಿಯಲ್ಲಿ ಬಂದರೂ ಅಲಸಂದೆ ಎಲೆ ಬಟ್ಟಲಿನಂತೆ ಮುದುಡುತ್ತದೆ. ಆಗ ಹೊಲದ ಒಂದು ಬದಿಯ ಗಿಡಗಳೆಲ್ಲ ಒಂದೇ ದಿನ ಕೆಡುತ್ತವೆ, ಹೊಸ ಚಿಗುರು ಮೆಲ್ಲಗೆ ಸರಿಹೋಗುತ್ತದೆ. ನಂಜು ಅಲ್ಲೊಂದು ಇಲ್ಲೊಂದು ಶುರುವಾಗಿ ಚಿಗುರಿನಲ್ಲೇ ಜೋರಾಗುತ್ತದೆ. ನಮ್ಮ ಹುಳಿ ಮಣ್ಣಿನಲ್ಲಿ ಮ್ಯಾಂಗನೀಸ್ ಹೆಚ್ಚಾದರೂ ಎಲೆ ಸುಕ್ಕಾಗಿ ಕಂದು ಚುಕ್ಕೆ ಬರುತ್ತದೆ, ಅದಕ್ಕೆ ಬೇಕಾದ್ದು ಸುಣ್ಣ.

ಅನುಮಾನ ಬಂದಾಗ ಎಲೆ ಎಲ್ಲಿಗೆ ಕಳಿಸಬೇಕು ಎಂಬುದು ಬೆಳೆಗಾರನಿಗೆ ಗೊತ್ತಿರಬೇಕು. ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರ ಮತ್ತು ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕೆ ಪ್ರಯೋಗ ಕೇಂದ್ರ ಎರಡೂ ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅಡಿಯಲ್ಲಿವೆ. ಅಲ್ಲಿ ಎಲೆ ಪಡೆದು ಹೆಸರಘಟ್ಟಕ್ಕೆ ಕಳಿಸುವ ವ್ಯವಸ್ಥೆಯನ್ನು ಇಲಾಖೆ ಮಾತುಕತೆ ನಡೆಸಿ ಗೊತ್ತುಮಾಡಲಿ. ತುದಿಯಿಂದ ಎರಡು ಮೂರನೇ ಎಲೆ ತೆಗೆದು, ಪೇಪರ್‌ನಲ್ಲಿ ಸುತ್ತಿ, ತೇವ ಹೀರುವ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿ ಹಾಕಬೇಕು. ಒದ್ದೆ ಎಲೆಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ದಾರಿಯಲ್ಲೇ ಕೊಳೆಯುತ್ತದೆ. ತಳಿಯ ವಿಷಯದಲ್ಲೂ ಇದೇ ಸಂಸ್ಥೆಗಳ ನೆರವು ಬೇಕು. ಅರ್ಕಾ ಮಂಗಳ, ಅರ್ಕಾ ಗರಿಮಾ ಮುಂತಾದ ತರಕಾರಿ ತಳಿಗಳನ್ನೂ ಕಾಳಿನ ತಳಿಗಳನ್ನೂ ಗದ್ದೆಯ ಬೇಸಿಗೆ ಬೆಳೆ ಮತ್ತು ಪೂರ್ವದ ಹೊಲ, ಎರಡರಲ್ಲೂ ಒಟ್ಟಿಗೆ ಬೆಳೆದು ನೋಡಬೇಕು. ಹಳದಿ ನಂಜು ತಡೆದ ತಳಿ ಮೊಸಾಯಿಕ್ ತಡೆಯಬೇಕೆಂದಿಲ್ಲ, ಆದ್ದರಿಂದ ಎರಡಕ್ಕೂ ಬೇರೆ ಬೇರೆ ಅಂಕ ಕೊಡಬೇಕು.

ಈ ವರ್ಷದಿಂದಲೇ ಆಗಬಹುದಾದ್ದು: ಅಕ್ಟೋಬರ್ ಕೊನೆಯೊಳಗೆ ಎಲ್ಲ ಲಾಟುಗಳ ಮಾದರಿ ಬಲೆಯೊಳಗೆ ಬಿತ್ತನೆ, 21 ದಿನದ ಎಣಿಕೆ, ಹುತ್ತರಿಯ ಮೊದಲು ಪ್ರತಿ ರೈತ ಸಂಪರ್ಕ ಕೇಂದ್ರದ ಫಲಕದಲ್ಲಿ ಲಾಟ್ ಸಂಖ್ಯೆ ಮತ್ತು "400ಕ್ಕೆ ಇಷ್ಟು" ಎಂಬ ಒಂದು ಸಾಲು. ಒಂದಾದರೂ ರೋಗದ ಸಸಿ ಕಂಡ ಲಾಟನ್ನು ಬೀಜವಾಗಿ ಹಂಚದೆ ಹಿಂದಕ್ಕೆ ಕಳಿಸಲಿ. ಮದ್ದು ಹಚ್ಚಿದ ಬೀಜವಾದರೆ ಅದು ಅಡಿಗೆಗೂ ಹೋಗಬಾರದು, ದನಕ್ಕೂ ಹೋಗಬಾರದು.

ಇಂತಿ,
ಕೊಡಗಿನ ಅಲಸಂದೆ ಬೆಳೆಗಾರರು ಮತ್ತು ಬೀಜ ಕಟ್ಟುವವರು